ಅಮ್ಮನ ಹೆಸರು ಸರಿಯಾಯಿತು: ನೆರವಾದವರಿಗೆ ನಮ್ಮ ಮನೆಯವರ ಕೃತಜ್ಞತೆ

ಕಳೆದ ವಾರ ನಮ್ಮ ತಾಯಿಯವರ ಖಾತೆಗೆ ಮೊದಲ ಬಾರಿಗೆ ಕುಟುಂಬ ಪಿಂಚಣಿ ಜಮೆಯಾಯಿತು. ಭಾರತೀಯ ಸೇನೆಯ ಫಿರಂಗಿ ದಳದಲ್ಲಿ 24 ವರ್ಷ ಸೇವೆ ಸಲ್ಲಿಸಿ ಹವಾಲ್ದಾರರಾಗಿ ನಿವೃತ್ತರಾಗಿದ್ದ ನಮ್ಮ ತಂದೆ ತೀರಿಕೊಂಡು ಆಗಲೇ ಹನ್ನೊಂದು ತಿಂಗಳು ಕಳೆದಿದ್ದವು. ಈ ಹನ್ನೊಂದು ತಿಂಗಳಲ್ಲಿ ನಮ್ಮ ಕೈ ಹಿಡಿದವರಿಗೆ ಎದುರು ನಿಂತು ಕೈ ಮುಗಿದಿದ್ದೇವೆ. ಆದರೂ ಅವರು ಮಾಡಿದ ಕೆಲಸ ಏನೆಂಬುದು ನಾಲ್ಕು ಜನರಿಗೆ ತಿಳಿಯಬೇಕೆಂದು ಇದನ್ನು ಬರೆಯುತ್ತಿದ್ದೇನೆ.

ತೊಡಕು ಇದ್ದದ್ದು ಒಂದೇ ಪದದಲ್ಲಿ. ತಂದೆಯವರ ಸೇವಾ ದಾಖಲೆಯಲ್ಲಿ ತಾಯಿಯ ಹೆಸರಿನ ಕೊನೆಯ ‘ಅಮ್ಮ’ ಬಿಟ್ಟುಹೋಗಿತ್ತು. ಆಧಾರ್‌ನಲ್ಲಿ, ಪಡಿತರ ಚೀಟಿಯಲ್ಲಿ, ಬ್ಯಾಂಕಿನ ಪುಸ್ತಕದಲ್ಲಿ ಅದು ಇತ್ತು. ಹುಟ್ಟಿದ ವರ್ಷದಲ್ಲಿಯೂ ಎರಡು ವರ್ಷಗಳ ವ್ಯತ್ಯಾಸವಿತ್ತು. ತಂದೆ ಬದುಕಿರುವಾಗ ಯಾರ ಕಣ್ಣಿಗೂ ಬೀಳದಿದ್ದ ಈ ತಪ್ಪು, ಅವರು ಹೋದ ಮೇಲೆ ತಾಯಿ ಅವರ ಹೆಂಡತಿಯೇ ಹೌದೋ ಅಲ್ಲವೋ ಎಂಬ ಪ್ರಶ್ನೆಯಾಗಿ ಬಂದು ನಿಂತಿತು. ಫಿರಂಗಿ ದಳದ ದಾಖಲೆ ಕಚೇರಿ ಇರುವುದು ನಾಸಿಕ್‌ನಲ್ಲಿ, ಪಿಂಚಣಿ ಮಂಜೂರಾಗುವುದು ಪ್ರಯಾಗರಾಜ್‌ನಲ್ಲಿ, ನಾವು ಇರುವುದು ಬೆಂಗಳೂರಿನಲ್ಲಿ. ಮೊದಲು ಹೋದ ಒಂದು ಕಚೇರಿಯಲ್ಲಿ ಅರ್ಜಿಯ ಮೊದಲ ಪುಟವನ್ನಷ್ಟೇ ನೋಡಿ, ಎಲ್ಲ ಸರಿಮಾಡಿಸಿಕೊಂಡು ಬನ್ನಿ ಎಂದು ಕಳುಹಿಸಿಬಿಟ್ಟರು. ಎಲ್ಲಿ ಸರಿಮಾಡಿಸಬೇಕೆಂದು ಹೇಳಲಿಲ್ಲ. ಆ ದಿನ ಬಸ್ಸಿನಲ್ಲಿ ಮನೆ ಮುಟ್ಟುವವರೆಗೂ ತಾಯಿ ಒಂದು ಮಾತನ್ನೂ ಆಡಲಿಲ್ಲ.

ಜನರ ಬಾಯಲ್ಲಿ ಈಗಲೂ ರೆಸಿಡೆನ್ಸಿ ರಸ್ತೆಯೇ ಆಗಿರುವ ಫೀಲ್ಡ್ ಮಾರ್ಷಲ್ ಕೆ.ಎಂ. ಕಾರಿಯಪ್ಪ ರಸ್ತೆಯಲ್ಲಿ ರಾಜ್ಯ ಸರ್ಕಾರದ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆ ಇದೆ. ಅಲ್ಲಿಗೆ ಹೋಗಿ ಎಂದು ತಿಳಿಸಿದವರು ತಂದೆಯೊಡನೆ ಬೆಳಗಿನ ವಾಕಿಂಗ್ ಹೋಗುತ್ತಿದ್ದ ನಿವೃತ್ತ ಸುಬೇದಾರರು. ಅಲ್ಲಿ ನಮ್ಮ ಕಡತ ತೆಗೆದುಕೊಂಡ ಸಿಬ್ಬಂದಿ, ಸ್ವತಃ ಮಾಜಿ ಸೈನಿಕರು, ಮೊದಲು ತಾಯಿಯನ್ನು ಕೂರಿಸಿದರು. ತಂದೆಯ ಡಿಸ್ಚಾರ್ಜ್ ಪುಸ್ತಕದ ಪುಟಗಳು ಮಡಿಕೆಯಲ್ಲಿ ಹರಿಯುವಂತಾಗಿದ್ದವು. ಅವರು ಅವುಗಳನ್ನು ಅಂಗೈಯಿಂದ ಮೆಲ್ಲಗೆ ಸವರಿ ಹರಡಿಕೊಂಡು, ಹೆಸರು ಇದ್ದ ಸಾಲಿನ ಕೆಳಗೆ ಸ್ಕೇಲ್ ಇಟ್ಟು, ತಾಯಿಗೆ ಅರ್ಥವಾಗುವಂತೆ ಕನ್ನಡದಲ್ಲಿ ಓದಿ ಹೇಳಿದರು. ತಮ್ಮ ಗಂಡನ ಸೇವಾ ದಾಖಲೆಯಲ್ಲಿ ಏನು ಬರೆದಿದೆ ಎಂಬುದನ್ನು ತಾಯಿ ಕೇಳಿದ್ದು ಅದೇ ಮೊದಲು. ಯಾವ ಪ್ರಮಾಣಪತ್ರ ಬೇಕು, ಅಫಿಡವಿಟ್‌ನಲ್ಲಿ ಯಾವ ಎರಡು ಹೆಸರುಗಳು ಒಬ್ಬರವೇ ಎಂದು ಬರೆಯಿಸಬೇಕು, ನಾಸಿಕ್‌ಗೆ ಹೋಗುವ ಪತ್ರದ ಜೊತೆ ಏನೇನು ಲಗತ್ತಿಸಬೇಕು ಎಂಬುದನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಟ್ಟರು. ಅನಂತರದ ತಿಂಗಳುಗಳಲ್ಲಿ ಇಂಗ್ಲಿಷಿನಲ್ಲಿಯೂ ಹಿಂದಿಯಲ್ಲಿಯೂ ಬಂದ ಪ್ರತಿಯೊಂದು ಪತ್ರವನ್ನು ನಾವು ಅವರ ಮೇಜಿಗೇ ಒಯ್ದೆವು. ಒಮ್ಮೆಯೂ ಅವರು ಬೇಸರಿಸಲಿಲ್ಲ.

ಪಾಲಿಕೆಯ ಜನನ ಮರಣ ನೋಂದಣಿ ವಿಭಾಗದ ಹೆಣ್ಣುಮಗಳನ್ನು ಇಲ್ಲಿ ನೆನೆಯಲೇಬೇಕು. ತಂದೆ ಮನೆಯಲ್ಲಿಯೇ ತೀರಿಕೊಂಡಿದ್ದರಿಂದ 21 ದಿನಗಳೊಳಗೆ ನಾವೇ ಹೋಗಿ ವರದಿ ಮಾಡಬೇಕಿತ್ತು. ಸೈನ್ಯದಲ್ಲಿದ್ದವರು ಎಂದು ತಿಳಿದ ಕೂಡಲೇ ಆಕೆ, ಮರಣ ಪ್ರಮಾಣಪತ್ರದಲ್ಲಿ ಹೆಸರು ಸೇನೆಯ ದಾಖಲೆಯಲ್ಲಿರುವಂತೆಯೇ ಅಕ್ಷರಕ್ಕೆ ಅಕ್ಷರ ಇರಬೇಕೆಂದು ಹೇಳಿ, ಪಿಂಚಣಿ ಆದೇಶವನ್ನು ಮನೆಯಿಂದ ತರಿಸಿ, ತಾಳೆ ನೋಡಿದ ಮೇಲೆಯೇ ನಮೂದಿಸಿದರು. ಆ ಎಚ್ಚರ ಇಲ್ಲದಿದ್ದರೆ ತಿದ್ದಬೇಕಾದ ಹೆಸರುಗಳು ಎರಡಾಗುತ್ತಿದ್ದವು. ಬದುಕಿರುವ ಕುಟುಂಬ ಸದಸ್ಯರ ದೃಢೀಕರಣ ಪತ್ರವನ್ನು ಅವಧಿಯೊಳಗೆ ಕೊಟ್ಟ ನಾಡಕಚೇರಿಯವರಿಗೂ, ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್‌ನ ಪಾಲಿಕ್ಲಿನಿಕ್‌ನಲ್ಲಿ ತಾಯಿಯ ಸಕ್ಕರೆ ಕಾಯಿಲೆಯ ಮಾತ್ರೆಗಳು ಒಂದು ತಿಂಗಳೂ ತಪ್ಪದಂತೆ ನೋಡಿಕೊಂಡವರಿಗೂ ನಮ್ಮ ನಮಸ್ಕಾರಗಳು.

ನಿವೃತ್ತಿಯ ನಂತರ ತೀರಿಕೊಂಡ ಸೈನಿಕನ ಪತ್ನಿಗೆ ಏಳು ವರ್ಷ, ಅಥವಾ ಗಂಡ ಬದುಕಿದ್ದರೆ ಅವರಿಗೆ 67 ವರ್ಷ ತುಂಬುತ್ತಿದ್ದ ದಿನದವರೆಗೆ, ಇವುಗಳಲ್ಲಿ ಯಾವುದು ಮೊದಲೋ ಅಲ್ಲಿಯವರೆಗೆ ಹೆಚ್ಚಿನ ದರದ ಕುಟುಂಬ ಪಿಂಚಣಿ ಸಿಗುತ್ತದೆ. ಇದನ್ನು ನಮಗೆ ಲೆಕ್ಕ ಹಾಕಿ ತಿಳಿಸಿದವರೂ ಸೈನಿಕ ಕಲ್ಯಾಣ ಇಲಾಖೆಯ ಆ ಮೇಜಿನವರೇ. ಸೇವೆಯಲ್ಲಿರುವವರಲ್ಲಿ, ನಿವೃತ್ತರಲ್ಲಿ ನನ್ನ ಕೋರಿಕೆ ಒಂದೇ: ದಯವಿಟ್ಟು ಇಂದೇ ನಿಮ್ಮ ಪಿಂಚಣಿ ಆದೇಶವನ್ನೂ ಪತ್ನಿಯ ಆಧಾರ್ ಅನ್ನೂ ಅಕ್ಕಪಕ್ಕ ಇಟ್ಟು ಓದಿ. ನೀವಿರುವಾಗ ಈ ತಿದ್ದುಪಡಿ ಸುಲಭ.

ತಂದೆ ಪ್ರತಿ ವರ್ಷ ಡಿಸೆಂಬರ್ 7ರಂದು ಸಶಸ್ತ್ರ ಪಡೆಗಳ ಧ್ವಜ ದಿನಾಚರಣೆಯ ಪುಟ್ಟ ಧ್ವಜವನ್ನು ನಮ್ಮ ಶಾಲೆಯ ಸಮವಸ್ತ್ರಕ್ಕೆ ಚುಚ್ಚಿ ಕಳುಹಿಸುತ್ತಿದ್ದರು. 1949ರಿಂದ ನಡೆದುಬಂದಿರುವ ಆ ದಿನಾಚರಣೆಯಲ್ಲಿ ಸೈನಿಕರ ಕುಟುಂಬಗಳ ನೆರವಿಗೆ ಸಂಗ್ರಹಿಸುವ ನಿಧಿಗೆ ಹತ್ತು ರೂಪಾಯಿ ಹಾಕಿದ ಹೆಸರಿಲ್ಲದ ಎಲ್ಲರಿಗೂ, ಸೈನಿಕರ ಮನೆಯವಳಾಗಿ ನಾನು ಋಣಿ.

ತಿದ್ದುಪಡಿಯ ಆದೇಶ ಬಂದ ದಿನ ತಾಯಿ ತಮ್ಮ ಪ್ರತಿಯನ್ನು ಪಡೆಯಲು ಕಚೇರಿಯ ಪುಸ್ತಕದಲ್ಲಿ ಸಹಿ ಮಾಡಬೇಕಿತ್ತು. ಕನ್ನಡಕ ಹಾಕಿಕೊಂಡು, ನಿಧಾನವಾಗಿ, ಕೊನೆಯ ‘ಅಮ್ಮ’ದವರೆಗೂ ಪೂರ್ತಿ ಹೆಸರು ಬರೆದರು. ಮೇಜಿನ ಆಚೆ ಇದ್ದವರು ಅಲ್ಲಿಯವರೆಗೂ ಎದ್ದು ನಿಂತೇ ಇದ್ದರು.