ಮಗಳಿಗೊಂದು ಪತ್ರ: ‘ಪ್ರಾದೇಶಿಕ’ ಎಂದು ಬರೆಯುವ ಮೊದಲು

ಕದ್ರಿ, ಮಂಗಳೂರು

ಪ್ರೀತಿಯ ಪುಟ್ಟೀ,

ನೀನು ಅನುವಾದಿಸುತ್ತಿರುವ ಲೇಖನ ಇಂಗ್ಲಿಷಿನ ‘ಪರೋಕಿಯಲ್’ (parochial) ಎಂಬ ಪದದ ಹತ್ತಿರ ನಿಂತುಬಿಟ್ಟಿದೆ ಎಂದೆಯಲ್ಲ, ಅದಕ್ಕೇ ಈ ಪತ್ರ. ನೀನು ಹಾಕಿದ ‘ಪ್ರಾದೇಶಿಕ’ ಅಲ್ಲಿ ಕೂರುವುದಿಲ್ಲ. ಪ್ರಾದೇಶಿಕ ಸಾರಿಗೆ ಕಚೇರಿ, ಪ್ರಾದೇಶಿಕ ಪಕ್ಷ ಎನ್ನುವಾಗ ಯಾರನ್ನೂ ಬೈದ ಹಾಗಾಗುವುದಿಲ್ಲ. ಆ ಇಂಗ್ಲಿಷ್ ಪದದಲ್ಲಿ ಬೈಗುಳ ಇದೆ. ತನ್ನೂರಿನ ಅಳತೆಗೋಲಿನಲ್ಲೇ ಲೋಕವನ್ನೆಲ್ಲ ಅಳೆಯುವವನಿಗೆ ಅದು ತಾಗಬೇಕು.

ಪದ ಬಂದದ್ದು ಚರ್ಚಿನಿಂದ. ಒಂದು ಚರ್ಚಿನ ವ್ಯಾಪ್ತಿಗೆ ನಮ್ಮ ಕೊಂಕಣಿ ಕ್ರೈಸ್ತರು ಫಿರ್ಗಜ್ ಎನ್ನುತ್ತಾರೆ, ಕನ್ನಡದಲ್ಲಿ ಧರ್ಮಕೇಂದ್ರ; ಇಂಗ್ಲಿಷಿನ ‘ಪ್ಯಾರಿಷ್’ ಅದೇ, ಅದರ ವಿಶೇಷಣ ಇದು. ಇನ್ನೂ ಹಿಂದಕ್ಕೆ ಹೋದರೆ ಗ್ರೀಕಿನ ‘ಪರೊಯ್ಕಿಯಾ’ ಸಿಗುತ್ತದೆ. ‘ಪರಾ’ ಎಂದರೆ ಪಕ್ಕ, ‘ಒಯ್ಕೊಸ್’ ಎಂದರೆ ಮನೆ; ಪರದೇಶದಲ್ಲಿ ಬಿಡಾರ ಹೂಡಿ ಬದುಕುವುದಕ್ಕೆ ಆ ಹೆಸರು. ಪರವೂರಿನಲ್ಲಿ ಬಾಳುವವರ ಪದ ಪರವೂರನ್ನೇ ಒಪ್ಪದವರ ಪಾಲಾದದ್ದು ನನಗೆ ಈಗಲೂ ಬೆರಗು. ಸಣ್ಣ ಮನಸ್ಸಿನ ಅರ್ಥ ಅದಕ್ಕೆ ಅಂಟಿದ್ದು 19ನೇ ಶತಮಾನದಲ್ಲಿ. ಹಳೆಯ ಅರ್ಥವೂ ಬದುಕಿದೆ, ಜಾಗ್ರತೆ: ಅಮೆರಿಕದ ‘ಪರೋಕಿಯಲ್ ಸ್ಕೂಲ್’ ಎಂದರೆ ಚರ್ಚು ನಡೆಸುವ ಶಾಲೆ. ಅದನ್ನು ‘ಸಂಕುಚಿತ ಶಾಲೆ’ ಎಂದು ಬರೆದರೆ ಅನರ್ಥ.

ಕನ್ನಡದಲ್ಲಿ ಇದಕ್ಕೆ ಒಂದೇ ಪದ ಹುಡುಕಬೇಡ. ‘ಸಂಕುಚಿತ’ ಹತ್ತಿರ ಬರುತ್ತದೆ, ಆದರೆ ಅದು ಒಂಟಿಯಾಗಿ ನಿಲ್ಲದು. ‘ಅವನು ಸಂಕುಚಿತ’ ಎಂದರೆ ವಾಕ್ಯ ಕುಂಟುತ್ತದೆ. ಮನಸ್ಸು, ದೃಷ್ಟಿ, ಮನೋಭಾವ ಯಾವುದಾದರೊಂದನ್ನು ಜೊತೆಗೆ ಕೊಡು. ‘ಸಂಕೋಚ’ ಎಂದು ಬರೆದೀಯ ಮತ್ತೆ! ಧಾತು ಒಂದೇ ಆದರೂ ಸಂಕೋಚ ನಾಚಿಕೆ, ಅದು ಗುಣವೇ ಹೊರತು ದೋಷವಲ್ಲ.

‘ಕೂಪಮಂಡೂಕ’ ನೇರವಾಗಿ ವ್ಯಕ್ತಿಗೇ ತಾಗುತ್ತದೆ. ಇದು ಬಹಳ ಹಳೆಯದು. ಪಾಣಿನಿಯ ವ್ಯಾಕರಣದ ಗಣಪಾಠದಲ್ಲಿ, ಅಂದರೆ ಪದಪಟ್ಟಿಯಲ್ಲಿ, ನಿಂದೆಯ ಸಮಾಸಗಳ ಸಾಲಿನಲ್ಲಿ ಬಾವಿಯ ಆಮೆ, ಅತ್ತಿಹಣ್ಣಿನ ಸೊಳ್ಳೆಯ ಜೊತೆ ಬಾವಿಯ ಕಪ್ಪೆಯೂ ಇದೆ. ಕನ್ನಡ ಮಾಡಬೇಕೆಂದರೆ ‘ಬಾವಿಯೊಳಗಿನ ಕಪ್ಪೆ’ ಎನ್ನು, ‘ಕೂಪಕಪ್ಪೆ’ ಸಂಸ್ಕೃತ, ಕನ್ನಡ ಬೆರೆತ ಅರಿಸಮಾಸವಾಗುತ್ತದೆ. ಈ ಕತೆಯನ್ನು ವಿವೇಕಾನಂದರು 1893ರ ಸೆಪ್ಟೆಂಬರ್ 15ರಂದು ಶಿಕಾಗೋದಲ್ಲಿ ಹೇಳಿದರು. ಬಾವಿಯ ಕಪ್ಪೆ ಈ ಬದಿಯಿಂದ ಆ ಬದಿಗೆ ಹಾರಿ, ಸಮುದ್ರದಿಂದ ಬಂದ ಕಪ್ಪೆಯನ್ನು ನಿನ್ನ ಸಮುದ್ರ ಇಷ್ಟು ದೊಡ್ಡದೋ ಎಂದು ಕೇಳುತ್ತದೆ. ಸಮುದ್ರ ಕಾಣದೆ ಇದ್ದದ್ದು ಅದರ ತಪ್ಪಲ್ಲ. ಕಂಡು ಬಂದವನನ್ನು ಸುಳ್ಳುಗಾರ ಎಂದು ಹೊರಗೆ ಹಾಕಲು ಹೊರಟಿತಲ್ಲ, ಅದು ತಪ್ಪು. ಕಾಣದವನೆಂದು ಹೇಳಬೇಕಾದಲ್ಲಿ ಕೂಪಮಂಡೂಕ ಹಾಕು, ಕಂಡೂ ಒಪ್ಪದವನಿಗೆ ಸಂಕುಚಿತ ಮನಸ್ಸಿನವ.

ಊರಿನ ಪ್ರೀತಿಗೆ ಮಾತ್ರ ಈ ಎರಡನ್ನೂ ಹಚ್ಚಬಾರದು. ಯಕ್ಷಗಾನವನ್ನೇ ನೋಡು. ತೆಂಕು ನಮ್ಮ ಕಡೆಯ ಶೈಲಿ, ಬಡಗು ಕುಂದಾಪುರದ ಕಡೆಯದು. ತೆಂಕುತಿಟ್ಟಿನ ಧಿಗಿಣ, ಆ ಸುತ್ತು ಹಾರುವ ಕುಣಿತ, ನೋಡಲು ರಾತ್ರಿಯಿಡೀ ಎದ್ದು ಕೂರುವವನದು ಅಭಿಮಾನ. ಬಡಗಿನ ಒಂದು ಆಟವನ್ನೂ ಸರಿಯಾಗಿ ನೋಡದೆ, ಅಲ್ಲಿನ ಕೇದಗೆ ಮುಂದಲೆ ಎಂಬ ತಲೆಯುಡುಗೆಯ ವೇಷ ರಂಗಕ್ಕೆ ಬಂದ ಕೂಡಲೇ ‘ಎಂತ ಮಾರಾಯ, ಇದೂ ಒಂದು ಕುಣಿತವಾ’ ಎಂದು ಎದ್ದು ಹೋದರೆ ಅದು ದುರಭಿಮಾನ. ಕುಂದಾಪುರದ ಕಡೆಯವರು ತೆಂಕನ್ನು ಹೀಗೆಯೇ ಬದಿಗೆ ಸರಿಸಿದರೆ ಅವರಿಗೂ ಅದೇ ಪದ. ‘ಘಟ್ಟದವರು’ ಎಂಬ ನಮ್ಮ ಮಾತನ್ನೂ ಹೀಗೆ ತೂಗು: ದಿಕ್ಕು ಹೇಳಲು ಬಳಸಿದರೆ ಅಡ್ಡಿಯಿಲ್ಲ, ‘ಘಟ್ಟದವರಿಗೆ ಮೀನಿನ ರುಚಿ ಎಂತ ಗೊತ್ತು’ ಎಂದಾಗ ಕೆಡುತ್ತದೆ.

ದೊಡ್ಡ ನಗರದವರಿಗೆ ಈ ದೋಷ ಬಾರದು ಎಂದುಕೊಂಡೇ ನೀನು ‘ಹಳ್ಳಿಗಾಡಿನ ಬುದ್ಧಿ’ ಎಂಬ ಪರ್ಯಾಯ ಯೋಚಿಸಿದ್ದೀಯ. ಅದು ಬೇಡವೇ ಬೇಡ, ಹಳ್ಳಿಯವರನ್ನು ಸುಮ್ಮನೆ ನೋಯಿಸುತ್ತದೆ. ನಮ್ಮ ಕರಾವಳಿ ಕನ್ನಡ ಕೇಳಿ ‘ಇದು ಪುಸ್ತಕದ ಭಾಷೆ’ ಎಂದು ಬೆಂಗಳೂರಿನಲ್ಲಿ ನಗುವುದೂ ಪರೋಕಿಯಲ್ಲೇ.

ನಿನ್ನ ಲೇಖಕರು ಬೈದದ್ದು ರಾಜಧಾನಿಯ ವಿಮರ್ಶಕರನ್ನು. ಹಾಗಾಗಿ ವಿಶೇಷಣವನ್ನೇ ಬಿಟ್ಟು, ‘ಅವರ ದೃಷ್ಟಿ ತಮ್ಮ ನಾಲ್ಕು ಬೀದಿ ದಾಟಲಿಲ್ಲ’ ಎಂದು ಬರೆದು ನೋಡು. ಅದರ ಹಿಂದಿನ, ಮುಂದಿನ ವಾಕ್ಯಗಳನ್ನೂ ಕಳಿಸು. ಅವು ಇಲ್ಲದೆ ಇದು ಕೂರುತ್ತದೋ ಇಲ್ಲವೋ ಹೇಳಲಾರೆ.

ನಿನ್ನ
ಅಮ್ಮ