ವಾಲಗದವರಿಗೆ ಪುರೋಹಿತರ ಕೈ ಕಾಣಿಸಲಿ

ಮಾನ್ಯ ಸಂಪಾದಕರೇ,

ಆಷಾಢ ಕಳೆದರೆ ಮತ್ತೆ ಮದುವೆಗಳು ಶುರು. ಛತ್ರ, ಅಡುಗೆ ಎಲ್ಲ ಎಷ್ಟೋ ಮನೆಗಳಲ್ಲಿ ಈಗಾಗಲೇ ಗೊತ್ತಾಗಿರುತ್ತದೆ. ಅದಕ್ಕೇ ಈಗ ಬರೆಯುತ್ತಿದ್ದೇನೆ. ನಾನು 31 ವರ್ಷದಿಂದ ಡೋಲು ಬಾರಿಸುತ್ತಿದ್ದೇನೆ. ತಿಪಟೂರು, ತುರುವೇಕೆರೆ, ಅರಸೀಕೆರೆ ಕಡೆ ನಾನು ಕೂರದ ಛತ್ರ ಕಡಿಮೆ. ಮದುವೆ ಮನೆಯವರಲ್ಲಿ ಒಂದು ಕೋರಿಕೆ ಇದೆ. ವಾಲಗದವರನ್ನು ಪುರೋಹಿತರ ಕೈ ಕಾಣುವ ಜಾಗದಲ್ಲಿ ಕೂರಿಸಿ.

ಕಳೆದ ಮಾಘದಲ್ಲಿ ಒಂದು ದೊಡ್ಡ ಮದುವೆ. ನಾವು ಐದು ಜನ ಹೋಗಿದ್ದೆವು. ನಾದಸ್ವರ ಎರಡು, ಡೋಲು ಎರಡು, ತಾಳಕ್ಕೆ ನನ್ನ ತಮ್ಮನ ಮಗ. ಮಂಟಪದ ಪಕ್ಕದಲ್ಲಿ ನಾವು ಕೂರುವ ಜಾಗಕ್ಕೆ ಹೂವಿನ ಅಲಂಕಾರ ಬಂದಿತ್ತು. ನಮ್ಮನ್ನು ದೊಡ್ಡ ಎಲ್‌ಇಡಿ ಪರದೆಯ ಹಿಂದಕ್ಕೆ ಕಳಿಸಿದರು. ಅಲ್ಲಿಂದ ಕಾಣುತ್ತಿದ್ದದ್ದು ವೈರುಗಳು ಮತ್ತು ಖಾಲಿ ಕುರ್ಚಿಗಳು. ಮುಹೂರ್ತಕ್ಕೆ ಸನ್ನೆ ಮಾಡಲು ಒಬ್ಬ ಹುಡುಗನನ್ನು ನಿಲ್ಲಿಸಿದರು. ಅಕ್ಷತೆ ಹಂಚಲು ಬಂದಾಗ ಅವನೂ ಒಂದು ಹಿಡಿ ತಗೊಂಡು ಮಂಟಪದ ಕಡೆ ಓಡಿದ. ಚಿಕ್ಕ ಹುಡುಗ, ಅವನ ತಪ್ಪೇನಿಲ್ಲ. ಪುರೋಹಿತರು 'ಗಟ್ಟಿಮೇಳ, ಗಟ್ಟಿಮೇಳ' ಎಂದದ್ದು ಸ್ಪೀಕರಿನ ಹಾಡಿನಲ್ಲಿ ಮುಳುಗಿಹೋಯಿತು. ನಾನು ಕೋಲು ಎತ್ತುವಷ್ಟರಲ್ಲಿ ಮೂರು ಗಂಟೂ ಬಿದ್ದಾಗಿತ್ತು.

ಸ್ವಲ್ಪ ಹೊತ್ತಿಗೆ ಹುಡುಗಿಯ ಅಜ್ಜಿ ಪರದೆ ಹಿಂದೆ ಬಂದರು. 'ಯಾಕಪ್ಪಾ, ನನ್ನ ಮೊಮ್ಮಗಳಿಗೆ ಬಾರಿಸಲೇ ಇಲ್ವಲ್ಲಪ್ಪಾ' ಅಂದರು. ಕೈಯಲ್ಲಿ ಅಕ್ಷತೆ ಹಾಗೇ ಇತ್ತು. ನಾನು ಏನು ಹೇಳಲಿ? ಆ ದಿನದ ದುಡ್ಡು ಪೂರ್ತಿ ಕೊಟ್ಟರು. ತಗೊಳ್ಳೋಕೆ ಮನಸ್ಸು ಬರಲಿಲ್ಲ.

ಮಾಂಗಲ್ಯ ಕಟ್ಟುವಾಗ ಒಂದು ಸೀನು, ಒಂದು ಅಳು, ಒಂದು ಕೆಟ್ಟ ಮಾತು ವಧೂವರರ ಕಿವಿಗೆ ಬೀಳಬಾರದು ಅಂತ ಗಟ್ಟಿಮೇಳ ಬಾರಿಸೋದು. ನಮ್ಮಪ್ಪ ನನಗೆ ಹಾಗೇ ಹೇಳಿಕೊಟ್ಟರು. ಬಾರಿಸುವಾಗ ನಮ್ಮ ಕಿವಿ ತುಂಬ ನಮ್ಮದೇ ಸದ್ದು. ಮಂತ್ರ ಎಲ್ಲಿಗೆ ಬಂತು ಅಂತ ಕೇಳಿಸುವುದಿಲ್ಲ. ಪುರೋಹಿತರ ಕೈ ನೋಡಿಯೇ ತಿಳಿಯಬೇಕು. ಸಂಕಲ್ಪಕ್ಕೆ ಅಂಗೈ ತಗ್ಗಿಸಿದರೆ ನಿಲ್ಲಿಸುತ್ತೇವೆ, ಬೆರಳು ಮೇಲೆತ್ತಿದರೆ ಗಟ್ಟಿಮೇಳ. ಆ ಕೈ ಕಾಣದಿದ್ದರೆ ನಾವು ಕುರುಡರ ಹಾಗೆ.

ಇದಕ್ಕೆ ಖರ್ಚೇನೂ ಇಲ್ಲ. ಅಲಂಕಾರದವರು ಕಂಬ ನೆಡುವ ಮೊದಲೇ ಆರಡಿ ಅಗಲದ ಜಾಗ ಬಿಡಿಸಿ. ಸ್ಪೀಕರಿನ ಸ್ವಿಚ್ಚನ್ನು ಮನೆಯ ಹಿರಿಯರೊಬ್ಬರು, ಸೋದರಮಾವನೋ ಚಿಕ್ಕಪ್ಪನೋ, ತಮ್ಮ ಕೈಗೆ ತಗೊಳ್ಳಲಿ. ಅಂತರಪಟ ಹಿಡಿದಲ್ಲಿಂದ ಆರತಿ ಮುಗಿಯುವವರೆಗೂ ಅದು ಆಫ್ ಆಗಿರಲಿ. ಒಂದು ವಾರ ಮುಂಚೆ ಒಂದು ಫೋನ್ ಮಾಡಿ. ಗಂಡಿನ ಕಡೆಯವರು ಬೇರೆ ಮೇಳ ಕರೆಸಿದ್ದಾರಾ, ಕಾಶಿಯಾತ್ರೆ ಇದೆಯಾ, ಮುಹೂರ್ತ ಎಷ್ಟು ಗಂಟೆಗೆ, ಇಷ್ಟು ಗೊತ್ತಾದರೆ ಸಾಕು. ನಿಮಗಿಷ್ಟದ ಸಿನಿಮಾ ಹಾಡು ಬೇಕಿದ್ದರೂ ಆಗಲೇ ಹೇಳಿ, ನಾದಸ್ವರದವರು ಅಭ್ಯಾಸ ಮಾಡಿಕೊಂಡು ಬರುತ್ತಾರೆ. ಎಸಿ ಗಾಳಿ ನೇರವಾಗಿ ಬೀಳುವ ಕಡೆ ಕೂರಿಸಬೇಡಿ. ನಾದಸ್ವರದ ಪೀಪಿಯನ್ನು ಬಾಯಲ್ಲಿ ನೆನೆಸಿ ಹದ ಮಾಡಿಕೊಂಡಿರುತ್ತಾರೆ. ಅದು ಒಣಗಿದರೆ ಸ್ವರ ಒಡೆಯುತ್ತದೆ. ಆಮೇಲೆ 'ಏನ್ರೀ, ಅಪಸ್ವರ' ಅಂತೀರಿ.

ಹೊಸದು ಬೇಡ ಅಂತ ನಾನು ಹೇಳುತ್ತಿಲ್ಲ. ಕದ್ರಿ ಗೋಪಾಲನಾಥರ ತಂದೆ ನಾದಸ್ವರದವರು. ಮಗ ಸ್ಯಾಕ್ಸೋಫೋನ್ ಹಿಡಿದರು, ಈಗ ಕರಾವಳಿಯ ಎಷ್ಟೋ ಮದುವೆಗಳಲ್ಲಿ ಅದೇ ಮಂಗಳವಾದ್ಯ. ಆರತಕ್ಷತೆಗೆ ಆರ್ಕೆಸ್ಟ್ರಾ ಇರಲಿ, ಡಿಜೆ ಇರಲಿ. ಮುಹೂರ್ತದ ಆ ಕಾಲು ಗಂಟೆ ನಮಗೆ ಬಿಡಿ.

ಇನ್ನೊಂದು ಮಾತು. ಬೆಳಗಿನ ಮುಹೂರ್ತಕ್ಕೆ ಐದು ಗಂಟೆಗೇ ಬಂದಿರುತ್ತೇವೆ. ಊದುವವರು ಹೊಟ್ಟೆ ತುಂಬ ತಿನ್ನುವ ಹಾಗಿಲ್ಲ, ಖಾಲಿ ಹೊಟ್ಟೆಯಲ್ಲಿ ಉಸಿರೂ ನಿಲ್ಲುವುದಿಲ್ಲ. ಎರಡು ಇಡ್ಲಿ, ಒಂದು ಲೋಟ ಕಾಫಿ ನೆನಪಿಟ್ಟು ಕೊಡಿಸಿ. ಚಾಪೆ ನಾವೇ ತರುತ್ತೇವೆ, ಜಾಗ ತೋರಿಸಿ.

– ಒಬ್ಬ ಡೋಲು ವಾದಕ, ತಿಪಟೂರು ತಾಲ್ಲೂಕು