ಒಂದನೇ ತಾರೀಖಿನಿಂದ ಆನ್‌ಲೈನ್ ಕ್ಲಾಸ್ 15 ನಿಮಿಷ: ಕೋವಿಡ್ ಕಾಲದಲ್ಲಿ ಪೋಷಕರಿಗೆ ಬರೆದ ಪತ್ರ

ಪ್ರಿಯ ಪೋಷಕರೇ,

ಕೋವಿಡ್‌ನಿಂದ ನಮ್ಮ ಪ್ಲೇಸ್ಕೂಲ್ ಬಾಗಿಲು ಮುಚ್ಚಿರುವುದರಿಂದ ಮಕ್ಕಳಿಗೆ ಆನ್‌ಲೈನ್‌ನಲ್ಲೇ ಕ್ಲಾಸ್ ನಡೆಸುತ್ತಿದ್ದೇವೆ. ಮುಂದಿನ ತಿಂಗಳ ಒಂದನೇ ತಾರೀಖಿನಿಂದ ಆನ್‌ಲೈನ್ ಕ್ಲಾಸ್ ಬದಲಾಗುತ್ತಿದೆ. ಇಪ್ಪತ್ತು ಮಕ್ಕಳನ್ನು ಒಟ್ಟಿಗೆ ಮುಕ್ಕಾಲು ಗಂಟೆ ಕೂರಿಸುವುದನ್ನು ನಿಲ್ಲಿಸುತ್ತಿದ್ದೇವೆ. ಇನ್ನು ಮೇಲೆ ಐದೈದು ಮಕ್ಕಳ ಗುಂಪು, ವಾರಕ್ಕೆ ಮೂರು ದಿನ, ದಿನಕ್ಕೆ 15 ನಿಮಿಷ. ಉಳಿದ ಎರಡು ದಿನ ಸ್ಕ್ರೀನ್ ಇಲ್ಲ. ಮಿಸ್ ಹೇಳಿದ ಕಥೆ ಆಡಿಯೊದಲ್ಲಿ ಬರುತ್ತದೆ. ವಾರಕ್ಕೊಮ್ಮೆ ಮನೆಗೆ ಒಂದು ಚೀಲ ಬರುತ್ತದೆ: ಬಣ್ಣದ ಕಾಗದ, ಜೇಡಿಮಣ್ಣು, ದಾರ, ದೊಡ್ಡ ಮಣಿಗಳು.

ನಡುವೆ ಹೀಗೆ ಹೊತ್ತು ಬದಲಾದರೆ ಮನೆಯಿಂದಲೇ ಕೆಲಸ ಮಾಡುವವರಿಗೆ ಎಷ್ಟು ಕಷ್ಟ ಅಂತ ಗೊತ್ತು. ಎಷ್ಟೋ ಮನೆಗಳಲ್ಲಿ ಇರುವುದೇ ಒಂದು ಫೋನು. ಅದರಲ್ಲೇ ಅಕ್ಕನ ಕ್ಲಾಸೂ ಆಗಬೇಕು. ಈ ತೊಂದರೆಗೆ ಕ್ಷಮೆ ಕೇಳುತ್ತೇವೆ. ಬದಲಾವಣೆಗೆ ಮಾತ್ರ ಕೇಳುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ, ಅಂದರೆ ಕೋವಿಡ್‌ಗೂ ಮೊದಲೇ, ಹೇಳಿತ್ತು: ಎರಡರಿಂದ ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಒಂದು ಗಂಟೆಗಿಂತ ಜಾಸ್ತಿ ಸ್ಕ್ರೀನ್ ಮುಂದೆ ಕೂರಬಾರದು, ಕಡಿಮೆಯಾದಷ್ಟೂ ಒಳ್ಳೆಯದು. ಅದರಲ್ಲಿ ಮುಕ್ಕಾಲು ಗಂಟೆ ನಾವೇ ತಿಂದು ಹಾಕಿದರೆ ಅಜ್ಜಿಗೆ ವೀಡಿಯೊ ಕಾಲ್ ಮಾಡುವುದು ಯಾವಾಗ?

ಈಗ ನಾವು ತುಂಬ ಸಲ ಕೇಳಿದ ಮಾತಿಗೆ ಬರೋಣ. "ಹದಿನೈದು ನಿಮಿಷಕ್ಕೆ ಪೂರ್ತಿ ಫೀಸಾ? ರೈಮ್ಸ್ ಯೂಟ್ಯೂಬ್‌ನಲ್ಲಿ ಪುಕ್ಕಟೆ ಸಿಗುತ್ತಲ್ಲ?" ಸಿಗುತ್ತದೆ, ನಮಗಿಂತ ಚೆನ್ನಾಗಿ ಹಾಡುವವರೂ ಅಲ್ಲಿದ್ದಾರೆ. ಆದರೆ ನಿಮ್ಮ ಮಗಳು "ನಮ್ಮನೆ ಬೆಕ್ಕು ಮರಿ ಹಾಕಿದೆ" ಅಂದರೆ ಆ ವೀಡಿಯೊ "ಎಷ್ಟು ಮರಿ?" ಅಂತ ಕೇಳುವುದಿಲ್ಲ. 2014ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನದಲ್ಲಿ ಎರಡರಿಂದ ಎರಡೂವರೆ ವರ್ಷದ ಮಕ್ಕಳಿಗೆ ಹೊಸ ಪದ ಕಲಿಸಿ ನೋಡಿದ್ದರು. ಎದುರಿಗೆ ಕೂತು ಹೇಳಿಕೊಟ್ಟಾಗ ಕಲಿತರು. ಲೈವ್ ವೀಡಿಯೊ ಕಾಲ್‌ನಲ್ಲೂ ಕಲಿತರು. ರೆಕಾರ್ಡ್ ಮಾಡಿದ್ದನ್ನು ತೋರಿಸಿದರೆ ಕಲಿಯಲಿಲ್ಲ. ಮಗು ಏನೋ ಅಂದ ತಕ್ಷಣ ಆ ಕಡೆಯಿಂದ ಉತ್ತರ ಬರಬೇಕು, ಗುಟ್ಟು ಅಷ್ಟೇ. ಇಪ್ಪತ್ತು ಮಕ್ಕಳಿದ್ದರೆ ಹತ್ತೊಂಬತ್ತು ಮಕ್ಕಳು ಮ್ಯೂಟ್‌ನಲ್ಲಿರಬೇಕು. ಸರದಿ ಬರುವ ಹೊತ್ತಿಗೆ ಬೆಕ್ಕೂ ಮರೆತುಹೋಗಿರುತ್ತದೆ, ಮಗು ಮೇಜಿನ ಕೆಳಗಿರುತ್ತದೆ. ಐದು ಮಕ್ಕಳಾದರೆ ಎಲ್ಲರ ಬೆಕ್ಕಿನ ಕಥೆಯೂ ಕೇಳಬಹುದು.

ಇನ್ನು ಖರ್ಚು. "ಬಾಗಿಲು ಮುಚ್ಚಿದೆ, ನಿಮಗೇನು ಖರ್ಚು?" ಅಂತ ಕೆಲವರು ನೇರವಾಗೇ ಕೇಳಿದ್ದಾರೆ. ನಿಜ ಹೇಳಬೇಕೆಂದರೆ, ನೋವಾಯಿತು. ನಿಮಗೆ ಕಾಣುವುದು 15 ನಿಮಿಷ. ಮಿಸ್ ಅದನ್ನೇ ನಾಲ್ಕು ಗುಂಪಿಗೆ ನಾಲ್ಕು ಸಲ, ಮೊದಲ ಸಲದಷ್ಟೇ ಹುರುಪಿನಿಂದ ಮಾಡಬೇಕು. ಆಮೇಲೆ ಕಥೆ ರೆಕಾರ್ಡ್ ಮಾಡಬೇಕು, ಕಾಗದ ಕತ್ತರಿಸಬೇಕು, ಸಂಜೆ ಮನೆಮನೆಗೂ ಫೋನ್ ಮಾಡಬೇಕು. ಕಟ್ಟಡದ ಬಾಡಿಗೆ ಒಂದು ತಿಂಗಳೂ ನಿಂತಿಲ್ಲ. ಆಯಾಗಳನ್ನು ಕೆಲಸದಿಂದ ಬಿಡಿಸಿಲ್ಲ, ಬಿಡಿಸುವುದೂ ಇಲ್ಲ. ಚೀಲ ತುಂಬುವವರು ಅವರೇ. ಬಾಗಿಲು ತೆರೆದ ದಿನ ಅಳುವ ಮಗುವನ್ನು ಎತ್ತಿಕೊಳ್ಳುವವರೂ ಅವರೇ ಅಲ್ವಾ? ವ್ಯಾನ್ ಫೀಸ್ ಪೂರ್ತಿ ಕೈಬಿಟ್ಟಿದ್ದೇವೆ. ಉಳಿದದ್ದು ಸಂಬಳಕ್ಕೂ ಬಾಡಿಗೆಗೂ ಸರಿಹೋಗುತ್ತದೆ. ಈ ಪ್ಲೇಸ್ಕೂಲ್ ನಡೆಸುವ ಸಹಕಾರ ಸಂಘದಲ್ಲಿ ಲಾಭ ಹಂಚಿಕೊಳ್ಳಲು ಯಾರೂ ಇಲ್ಲ ಅಂತ ಹಳಬರಿಗೆ ಗೊತ್ತೇ ಇದೆ. ಲೆಕ್ಕ ನೋಡಬೇಕು ಅನ್ನುವವರು ಕೇಳಿ, ಪುಸ್ತಕ ಕಳಿಸುತ್ತೇವೆ.

"ಎಬಿಸಿಡಿ ಬರೆಸೋದು ಯಾವಾಗ?" ಅನ್ನುವವರಿಗೆ ಒಂದೇ ಮಾತು. ಮೊದಲು ಬೆರಳು ಗಟ್ಟಿಯಾಗಲಿ. ಜೇಡಿಮಣ್ಣು, ಮಣಿ ಕೊಡುವುದು ಅದಕ್ಕೇ. ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಮಣಿ ಬಾಯಿಗೆ ಹಾಕದಂತೆ ನೋಡಿಕೊಳ್ಳಿ.

ಮಗು ಕ್ಯಾಮೆರಾ ಮುಂದೆ ಕೂರದಿದ್ದರೆ ಬೈಯಬೇಡಿ. ಓಡಾಡುತ್ತಾ ಕೇಳಿಸಿಕೊಂಡರೂ ಸಾಕು. ಅಳುತ್ತಿದ್ದರೆ ಸುಮ್ನೆ ಕಟ್ ಮಾಡಿ, ಸಂಜೆ ಮಿಸ್ಸೇ ಫೋನ್ ಮಾಡಿ ಮಾತಾಡಿಸುತ್ತಾರೆ. ಸ್ಮಾರ್ಟ್‌ಫೋನ್ ಇಲ್ಲದ ಮನೆಗೆ ಸಾಧಾರಣ ಕಾಲ್‌ನಲ್ಲೇ ಕಥೆ ಹೇಳುತ್ತೇವೆ. ಕೆಲಸ ಹೋಗಿದೆ, ಸಂಬಳ ಅರ್ಧವಾಗಿದೆ ಅನ್ನುವವರು ಸಂಕೋಚ ಬಿಟ್ಟು ನಮ್ಮಲ್ಲಿ ಯಾರಿಗಾದರೂ ಹೇಳಿ. ಫೀಸ್ ಕಟ್ಟಲಾಗದ್ದಕ್ಕೆ ಯಾವ ಮಗುವಿನ ಹೆಸರನ್ನೂ ತೆಗೆಯುವುದಿಲ್ಲ. ನೀವು ಹೇಳಿದ ಮಾತು ನಮ್ಮಲ್ಲೇ ಇರುತ್ತದೆ.

ಯಾವ ಹೊತ್ತು ಅನುಕೂಲ ಅಂತ ಈ ಶನಿವಾರದೊಳಗೆ ನಿಮ್ಮ ಮಿಸ್‌ಗೆ ತಿಳಿಸಿ. ಸಂಜೆ ಆರರ ನಂತರವೂ ಒಂದು ಗುಂಪು ಇಟ್ಟಿದ್ದೇವೆ.

ಇಂತಿ,
ನಿಮ್ಮ ಮಕ್ಕಳ ಮಿಸ್‌ಗಳು